ಮಗನಿಗಿಲ್ಲ ಎಂದು ಬರೆದ ಉಯಿಲು

1862ರ ಅಕ್ಟೋಬರ್ 10. ಕಲ್ಕತ್ತೆಯ ಪ್ರಸನ್ನಕುಮಾರ ಠಾಕೂರ್ ಬರೆದಿಟ್ಟ ಉಯಿಲಿನ ಮೇಲಿರುವ ತಾರೀಖು ಇದು. ಆಗ ಅವನಿಗೆ ಅರವತ್ತು ವರ್ಷ. ಪಾಥುರಿಯಾಘಾಟದ ಠಾಕೂರ್ ಮನೆತನದವನು. ಅಂದರೆ ಕವಿ ರವೀಂದ್ರನಾಥರು ಹುಟ್ಟಿದ ಜೋಡಾಸಾಂಕೋ ಮನೆಯವರಿಗೆ ದಾಯಾದಿ. ಅಪ್ಪ ಗೋಪೀಮೋಹನ ಹಿಂದೂ ಕಾಲೇಜು ಕಟ್ಟಿದವರಲ್ಲೊಬ್ಬ. ಕೂತು ಉಂಡರೂ ಕರಗದಷ್ಟು ಜಮೀನ್ದಾರಿ ಇದ್ದರೂ ಪ್ರಸನ್ನಕುಮಾರ ಕಾನೂನು ಓದಿದ, ಸದರ್ ದಿವಾನಿ ಅದಾಲತ್ತಿನಲ್ಲಿ ಸರ್ಕಾರಿ ವಕೀಲನಾದ, ವಕೀಲಿಯಿಂದಲೇ ಇನ್ನೊಂದು ಐಶ್ವರ್ಯ ಗಳಿಸಿದ. ಉಯಿಲು ಬರೆದ ಮರುವರ್ಷ, ಮಿಥಿಲೆಯ ಕಡೆ ಪ್ರಮಾಣವೆಂದು ಒಪ್ಪುವ 'ವಿವಾದಚಿಂತಾಮಣಿ' ಎಂಬ ಧರ್ಮಶಾಸ್ತ್ರ ಗ್ರಂಥದ ಅವನ ಇಂಗ್ಲಿಷ್ ಅನುವಾದ ಅಚ್ಚಾಯಿತು. ದಾಯಭಾಗವೆಂದರೇನು, ಯಾರಿಗೆ ಎಷ್ಟು, ಯಾವ ಸ್ವತ್ತಿನ ಮೇಲೆ ಯಾರಿಗೆ ಹಕ್ಕು ಎಂಬುದನ್ನು ಇವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಥವನು ಬರೆದ ಉಯಿಲು ಹತ್ತೇ ವರ್ಷದಲ್ಲಿ ಆಗ ಭಾರತಕ್ಕೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಮುಕ್ಕಾಲು ಪಾಲು ಬಿದ್ದುಹೋಯಿತು. ಬೀಳಿಸಿದವನು ಅವನ ಒಬ್ಬನೇ ಮಗ.

ಅಪ್ಪನ ಉಯಿಲನ್ನು ಬೆಳೆದ ಮಕ್ಕಳು ಪ್ರಶ್ನಿಸಬಹುದೇ, ಪ್ರಶ್ನಿಸಿದರೆ ಏನು ದಕ್ಕುತ್ತದೆ ಎಂದು ನಮ್ಮಲ್ಲಿ ಯಾರಾದರೂ ಕೇಳಿದರೆ ವಕೀಲರು ಈಗಲೂ ಸುತ್ತಿಬಳಸಿ ಈ ಮೊಕದ್ದಮೆಗೇ ಬರುತ್ತಾರೆ. 'ಟಾಗೋರ್ ಕೇಸ್' ಎಂದಷ್ಟೇ ಅಂದರೆ ಸಾಕು. ಅದರ ಹಿಂದಿನ ಮನೆಜಗಳ ಮಾತ್ರ ಕಾನೂನು ಪುಸ್ತಕಗಳಲ್ಲಿ ಎರಡು ಸಾಲಿಗೆ ಮುಗಿದುಹೋಗುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪ್ರಸನ್ನಕುಮಾರ ಕರ್ಮಠನೇನಲ್ಲ. ರಾಮಮೋಹನ ರಾಯರ ಆಪ್ತವಲಯದಲ್ಲಿದ್ದವನು. 1831ರಲ್ಲಿ 'ರಿಫಾರ್ಮರ್' ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದವನು. ಅದೇ ವರ್ಷ ಹಿಂದೂ ಥಿಯೇಟರ್ ಎಂಬ ನಾಟಕಶಾಲೆ ತೆರೆದವನು. ಸಭೆಯಲ್ಲಿ ಏಕದೇವನ ಮಾತು, ಮನೆಯಲ್ಲಿ ದುರ್ಗಾಪೂಜೆ, ಎರಡೂ ನಡೆಯುತ್ತಿದ್ದವು. ಆ ಕಾಲದ ಕಲ್ಕತ್ತೆಯ ದೊಡ್ಡಮನೆಗಳಲ್ಲಿ ಇದೇನೂ ಅಪರೂಪವಲ್ಲ. ಸುಧಾರಣೆ ಬೇಕು, ಆದರೆ ಅದು ತನ್ನ ಹೊಸ್ತಿಲ ಆಚೆ ಇರಬೇಕು.

ಮಗ ಜ್ಞಾನೇಂದ್ರಮೋಹನ ಹುಟ್ಟಿದ್ದು 1826ರಲ್ಲಿ. ಅಜ್ಜ ಕಟ್ಟಿದ ಹಿಂದೂ ಕಾಲೇಜಿನಲ್ಲೇ ಓದಿದ, ಜಾಣ ವಿದ್ಯಾರ್ಥಿ. ಅವನನ್ನು ಕ್ರೈಸ್ತಮತದ ಕಡೆಗೆ ಸೆಳೆದವನು ಪಾದ್ರಿ ಕೃಷ್ಣಮೋಹನ ಬ್ಯಾನರ್ಜಿ. ಹುಟ್ಟಿನಿಂದ ಕುಲೀನ ಬ್ರಾಹ್ಮಣ, ಹಿಂದೂ ಕಾಲೇಜಿನ ಮೇಷ್ಟ್ರು ಡಿರೋಜಿಯೋನ ಶಿಷ್ಯಮಂಡಳಿಯವನು, ಹದಿಹರೆಯದಲ್ಲೇ ಮನೆಯಿಂದ ಹೊರಹಾಕಿಸಿಕೊಂಡವನು. 1851ರಲ್ಲಿ ಜ್ಞಾನೇಂದ್ರ ದೀಕ್ಷಾಸ್ನಾನ ಪಡೆದ, ಕೃಷ್ಣಮೋಹನನ ಮಗಳು ಕಮಲಮಣಿಯನ್ನು ಮದುವೆಯಾದ. ಅಪ್ಪ ಮಗನ ಸಂಬಂಧ ಅಲ್ಲಿಗೆ ಮುರಿಯಿತು. ಎಂಟು ವರ್ಷ ಮುಂಚೆ, 1843ರಲ್ಲಿ, ಕವಿ ಮೈಕೇಲ್ ಮಧುಸೂದನ ದತ್ತನೂ ಹೀಗೇ ಮತಾಂತರಗೊಂಡು ತಂದೆಯ ಮನೆಯ ಬಾಗಿಲು ಮುಚ್ಚಿಸಿಕೊಂಡಿದ್ದ. ಊರಿಗೆ ಇದು ಹೊಸ ಕಥೆಯಾಗಿರಲಿಲ್ಲ.

ಹೊಸದಾಗಿದ್ದದ್ದು ಕಾನೂನು. ಹಳೆಯ ಶಾಸ್ತ್ರದ ಪ್ರಕಾರ ಮತ ಬಿಟ್ಟವನು ಪತಿತ. ಪತಿತನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ. ಅಪ್ಪ ಏನನ್ನೂ ಬರೆಯಬೇಕಾಗಿಯೇ ಇರಲಿಲ್ಲ, ಮಗ ತಾನಾಗಿಯೇ ಕಳಚಿಕೊಳ್ಳುತ್ತಿದ್ದ. ಕಂಪನಿ ಸರ್ಕಾರ 1850ರಲ್ಲಿ 21ನೇ ಆಕ್ಟ್ ತಂದು ಇದನ್ನು ಬದಲಿಸಿತು: ಜಾತಿ ಕಳೆದುಕೊಂಡ ಅಥವಾ ಮತ ಬದಲಿಸಿದ ಕಾರಣಕ್ಕೆ ಯಾರೂ ವಾರಸುದಾರಿಕೆಯ ಹಕ್ಕು ಕಳೆದುಕೊಳ್ಳುವುದಿಲ್ಲ. ಕಲ್ಕತ್ತೆ, ಮದ್ರಾಸುಗಳ ಹಿಂದೂ ಪ್ರಮುಖರು ಅರ್ಜಿಯ ಮೇಲೆ ಅರ್ಜಿ ಬರೆದು ವಿರೋಧಿಸಿದರೂ ಕಾಯ್ದೆ ನಿಂತಿತು. ಜ್ಞಾನೇಂದ್ರ ಮತಾಂತರಗೊಂಡದ್ದು ಅದರ ಮರುವರ್ಷ. ಹಾಗಾಗಿ ಪ್ರಸನ್ನಕುಮಾರ ಸುಮ್ಮನೆ ಕಣ್ಣು ಮುಚ್ಚಿದರೆ ಇಡೀ ಆಸ್ತಿ ಕ್ರೈಸ್ತ ಮಗನಿಗೇ ಹೋಗುತ್ತಿತ್ತು. ತಡೆಯಲು ಇದ್ದ ದಾರಿ ಒಂದೇ, ಉಯಿಲು.

ಈ ಮಧ್ಯೆ ಮಗ 1859ರಲ್ಲಿ ಇಂಗ್ಲೆಂಡಿಗೆ ಹೋದ. ಲಂಡನ್ನಿನಲ್ಲಿ ಹಿಂದೂ ಕಾನೂನು ಮತ್ತು ಬಂಗಾಳಿಯ ಪ್ರಾಧ್ಯಾಪಕನಾದ. 1862ರಲ್ಲಿ ಲಿಂಕನ್ಸ್ ಇನ್‌ನಿಂದ ಬ್ಯಾರಿಸ್ಟರ್ ಆದ. ಆ ಪದವಿ ಪಡೆದ ಭಾರತೀಯರಲ್ಲಿ ಅವನೇ ಮೊದಲಿಗ. ಅಪ್ಪ ಮಿಥಿಲೆಯ ಶಾಸ್ತ್ರಗ್ರಂಥ ಅನುವಾದಿಸುತ್ತಿದ್ದ, ಮಗ ಲಂಡನ್ನಿನಲ್ಲಿ ಅದೇ ಶಾಸ್ತ್ರ ಪಾಠ ಹೇಳುತ್ತಿದ್ದ. ಮಗ ಬ್ಯಾರಿಸ್ಟರ್ ಆದ ವರ್ಷವೇ ಅಪ್ಪ ಉಯಿಲು ಬರೆದ. ಎರಡಕ್ಕೂ ಸಂಬಂಧವಿತ್ತೋ ಇಲ್ಲವೋ, ಮುಂದೊಂದು ದಿನ ತನ್ನ ಒಂದೊಂದು ಅಕ್ಷರವನ್ನೂ ಓದುವವನು ಎಂಥವನೆಂದು ಅಪ್ಪನಿಗೆ ಗೊತ್ತಿದ್ದಿರಬೇಕು.

ಉಯಿಲಿನಲ್ಲಿ ಏನಿತ್ತು? ಮಗನಿಗೆ ಇದರಡಿ ಏನೂ ಸಲ್ಲತಕ್ಕದ್ದಲ್ಲ ಎಂಬುದು ಮೊದಲನೆಯದು. ಬಂಧುಗಳಿಗೆ, ಆಶ್ರಿತರಿಗೆ, ಧರ್ಮಕಾರ್ಯಗಳಿಗೆ ಬಿಟ್ಟುಕೊಟ್ಟದ್ದು ಬೇರೆ ಇತ್ತು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಪೀಠವೊಂದಕ್ಕೆ ದತ್ತಿ ಇತ್ತು. ಉಳಿದ ದೊಡ್ಡ ಆಸ್ತಿಯೆಲ್ಲ ಟ್ರಸ್ಟಿಗಳ ವಶ. ಅದರ ಅನುಭೋಗ ಅಣ್ಣನ ಮಗ ಜತೀಂದ್ರಮೋಹನನಿಗೆ, ಅವನು ಬದುಕಿರುವ ತನಕ. ಆಮೇಲೆ ಅವನ ಹಿರಿಯ ಮಗನಿಗೆ, ಅವನ ಜೀವಮಾನ ಪೂರ್ತಿ. ಅವನ ನಂತರ ಅವನ ಗಂಡು ಸಂತತಿಗೆ, ಹಿರಿತನದ ಕ್ರಮದಲ್ಲಿ. ಆ ಸಾಲು ನಿಂತುಹೋದರೆ ಜತೀಂದ್ರನ ತಮ್ಮ ಸೌರೀಂದ್ರಮೋಹನನ ಸಾಲಿಗೆ. ಎಸ್ಟೇಟು ಎಂದೂ ಒಡೆಯಬಾರದು, ಎಂದೂ ಪಾಲಾಗಬಾರದು, ಎಂದೂ ಮಾರಾಟವಾಗಬಾರದು. ಇಂಗ್ಲೆಂಡಿನ ಲಾರ್ಡುಗಳು ತಮ್ಮ ಎಸ್ಟೇಟುಗಳನ್ನು ಹಿರಿಮಗನ ಹೆಸರಿಗೆ ಕಟ್ಟಿಹಾಕುತ್ತಿದ್ದರಲ್ಲ, ಅದೇ ಏರ್ಪಾಡನ್ನು ಎತ್ತಿ ತಂದು ಪಾಥುರಿಯಾಘಾಟದಲ್ಲಿ ನೆಟ್ಟಿದ್ದ. ಪಾಲಾಗಿ ಪಾಲಾಗಿ ಜಮೀನ್ದಾರಿಗಳು ಚೂರಾಗುವುದನ್ನು ಕೋರ್ಟಿನಲ್ಲಿ ದಿನಾ ನೋಡಿದ ವಕೀಲನಿಗೆ ಇಂಥ ಆಸೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲೊಂದು ಮಾತು. ನಮ್ಮ ಧರ್ಮಶಾಸ್ತ್ರಗಳಲ್ಲಿ ಉಯಿಲು ಎಂಬುದೇ ಇಲ್ಲ. ದಾನವುಂಟು, ವಿಭಾಗವುಂಟು, ದತ್ತು ಉಂಟು; ಸತ್ತ ಮೇಲೆ ಜಾರಿಗೆ ಬರುವ ಕಾಗದ ಇಲ್ಲ. ಕಂಪನಿಯ ಕಾಲದಲ್ಲಿ ಕಲ್ಕತ್ತೆಯ ಸಾಹುಕಾರರು ಇಂಗ್ಲಿಷರನ್ನು ನೋಡಿ ಬರೆಯತೊಡಗಿದರು, ಕೋರ್ಟುಗಳು ಹಿಂದುಮುಂದು ನೋಡುತ್ತಾ ಒಪ್ಪಿದವು. ಮದ್ರಾಸ್ ಪ್ರಾಂತ್ಯದ ಸರ್ಕಾರವಂತೂ 1829ರ 5ನೇ ರೆಗ್ಯುಲೇಶನ್ ಮೂಲಕ ಹಿಂದೂ ಶಾಸ್ತ್ರಕ್ಕೆ ಹೊಂದದ ಉಯಿಲಿಗೆ ಬೆಲೆಯಿಲ್ಲ ಎಂದುಬಿಟ್ಟಿತು. ಆಗ ಬಳ್ಳಾರಿಯೂ ಕೆನರಾ ಜಿಲ್ಲೆಯೂ ಆ ಪ್ರಾಂತ್ಯದಲ್ಲೇ ಇದ್ದವು.

ಇನ್ನೂ ದೊಡ್ಡ ವ್ಯತ್ಯಾಸವೆಂದರೆ ಬಂಗಾಳಕ್ಕೊಂದು ಶಾಸ್ತ್ರ, ಮಿಕ್ಕವರಿಗೊಂದು. ಮಿಕ್ಕವರದು 'ಮಿತಾಕ್ಷರ'. ಅದನ್ನು ಬರೆದವನು ನಮ್ಮವನೇ, ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ. ಅವನ ಪ್ರಕಾರ ಮಗ ಹುಟ್ಟಿದ ಗಳಿಗೆಯಿಂದಲೇ ಪಿತ್ರಾರ್ಜಿತದಲ್ಲಿ ಪಾಲುದಾರ. ಅಪ್ಪ ಅದರ ಯಜಮಾನನೇ ಹೊರತು ಏಕೈಕ ಒಡೆಯನಲ್ಲ. ತನ್ನದೊಬ್ಬನದೇ ಅಲ್ಲದ್ದನ್ನು ಉಯಿಲಿನಲ್ಲಿ ಕೊಡುವುದೆಲ್ಲಿಂದ ಬಂತು? ಬಂಗಾಳದ ಜೀಮೂತವಾಹನ ತನ್ನ 'ದಾಯಭಾಗ'ದಲ್ಲಿ ಇದನ್ನು ಒಪ್ಪಲಿಲ್ಲ. ಅಪ್ಪ ಉಸಿರಾಡುವ ತನಕ ಮಗನಿಗೆ ಹಕ್ಕಿಲ್ಲ. ಅಪ್ಪ ಸತ್ತ ಮೇಲೆಯೇ ಹಕ್ಕು ಹುಟ್ಟುವುದು. ಪ್ರಸನ್ನಕುಮಾರ ಮೈಸೂರಿನಲ್ಲೋ ಧಾರವಾಡದಲ್ಲೋ ಹುಟ್ಟಿದ್ದರೆ ಪಿತ್ರಾರ್ಜಿತದ ಮಟ್ಟಿಗೆ ಈ ಉಯಿಲು ಬರೆದ ದಿನವೇ ಕಸವಾಗುತ್ತಿತ್ತು. ಕಲ್ಕತ್ತೆಯಲ್ಲಿ ಹುಟ್ಟಿದ್ದರಿಂದ ಅದಕ್ಕೆ ಜೀವವಿತ್ತು.

1868ರ ಆಗಸ್ಟ್ 30ರಂದು ಪ್ರಸನ್ನಕುಮಾರ ತೀರಿಕೊಂಡ. ಅದರ ಹಿಂದಿನ ವರ್ಷವಷ್ಟೇ ವೈಸರಾಯರ ಶಾಸನ ಸಭೆಗೆ ನೇಮಕಗೊಂಡಿದ್ದ. ಉಯಿಲು ಹೊರಬಂತು. ಇಂಗ್ಲೆಂಡಿನಿಂದ ಮರಳಿ ಕಲ್ಕತ್ತಾ ಹೈಕೋರ್ಟಿನಲ್ಲಿ ಬ್ಯಾರಿಸ್ಟರ್ ಎಂದು ಹೆಸರು ದಾಖಲಿಸಿಕೊಂಡಿದ್ದ ಜ್ಞಾನೇಂದ್ರ ಮೊಕದ್ದಮೆ ಹೂಡಿದ. ಎದುರಾಳಿಗಳು ಟ್ರಸ್ಟಿಗಳು, ಜತೀಂದ್ರಮೋಹನ ಮತ್ತಿತರ ಬಂಧುಗಳು.

ಸಾಮಾನ್ಯವಾಗಿ ಇಂಥ ಮೊಕದ್ದಮೆಗಳಲ್ಲಿ ಜಗಳ ನಡೆಯುವುದು ಸಹಿಯ ಸುತ್ತ. ಸಹಿ ಅಪ್ಪನದಲ್ಲ, ಅಪ್ಪನಿಗೆ ಆಗ ನೆನಪೇ ಇರಲಿಲ್ಲ, ಪಕ್ಕದಲ್ಲಿದ್ದವರು ಕೈಹಿಡಿದು ಬರೆಸಿದರು ಎಂಬ ವಾದಗಳು. ಇಲ್ಲಿ ಜಗಳದ ತಿರುಳು ಅದಲ್ಲ. ಬರೆದವನು ಅಪ್ಪನೇ, ಬುದ್ಧಿ ನೆಟ್ಟಗಿದ್ದೇ ಬರೆದದ್ದು. ಮಗ ಕೇಳಿದ ಪ್ರಶ್ನೆ ಹೆಚ್ಚು ಆಳದ್ದು: ಹೀಗೆ ಬರೆಯಲು ಅಪ್ಪನಿಗೆ ಅಧಿಕಾರವಿತ್ತೇ? ಹೈಕೋರ್ಟಿನಲ್ಲಿ ಮೊದಲು ಒಬ್ಬ ನ್ಯಾಯಾಧೀಶರ ಮುಂದೆ, ಆಮೇಲೆ ಮುಖ್ಯ ನ್ಯಾಯಮೂರ್ತಿ ಬಾರ್ನ್ಸ್ ಪೀಕಾಕ್ ಇದ್ದ ಪೀಠದ ಮುಂದೆ ವಾದ ನಡೆಯಿತು. ತೀರ್ಪು ಎರಡೂ ಕಡೆಯವರಿಗೆ ಸಮಾಧಾನ ತರಲಿಲ್ಲ, ಇಬ್ಬರೂ ಲಂಡನ್ನಿಗೆ ಮೇಲ್ಮನವಿ ಹೊತ್ತರು. ಈ ನಡುವೆ 1870ರಲ್ಲಿ ಸರ್ಕಾರ ಹಿಂದೂ ವಿಲ್ಸ್ ಆಕ್ಟ್ ಮಾಡಿ ಬಂಗಾಳಕ್ಕೂ ಮದ್ರಾಸ್, ಬೊಂಬಾಯಿ ನಗರಗಳಿಗೂ ಅನ್ವಯಿಸಿತು. ಉಯಿಲು ಬರಹದಲ್ಲಿರಬೇಕು, ಇಬ್ಬರು ಸಾಕ್ಷಿಗಳಿರಬೇಕು ಎಂಬ ನಿಯಮ ಹಿಂದೂಗಳಿಗೆ ಬಂದದ್ದು ಆಗಲೇ. ಆ ಕಾಯ್ದೆಗೂ ನಂಬರು 21 ಬಿದ್ದದ್ದು ಕಾಕತಾಳೀಯ.

1872ರ ಜುಲೈನಲ್ಲಿ ಪ್ರಿವಿ ಕೌನ್ಸಿಲಿನ ತೀರ್ಪನ್ನು ನ್ಯಾಯಮೂರ್ತಿ ವಿಲ್ಸ್ ಓದಿದ. ಕಾಯ್ದೆಯ ಹೆಸರೂ ನ್ಯಾಯಾಧೀಶನ ಹೆಸರೂ ಕನ್ನಡದಲ್ಲಿ ಒಂದೇ ಥರ ಕೇಳಿಸುತ್ತವೆ, ಗೊಂದಲ ಬೇಡ. ತೀರ್ಪಿನ ಮೊದಲ ಭಾಗ ಮಗನಿಗೆ ಸಿಡಿಲು. ದಾಯಭಾಗದ ಪ್ರಕಾರ ಅಪ್ಪ ಸ್ವಯಾರ್ಜಿತವನ್ನೂ ಪಿತ್ರಾರ್ಜಿತವನ್ನೂ ಯಾರಿಗೆ ಬೇಕಾದರೂ ಕೊಡಬಹುದು, ಒಬ್ಬನೇ ಮಗನನ್ನೂ ಕೈಬಿಡಬಹುದು. ಅದು ಸರಿಯೇ ತಪ್ಪೇ, ಮಗ ಒಳ್ಳೆಯವನೇ ಕೆಟ್ಟವನೇ ಎಂದು ಕೋರ್ಟು ಕೇಳುವುದಿಲ್ಲ.

ಎರಡನೇ ಭಾಗ ಅಪ್ಪನಿಗೆ ಸಿಡಿಲು. ಕೊಡಲು ಅಧಿಕಾರವಿದೆ ಎಂದ ಮಾತ್ರಕ್ಕೆ ಹೇಗೆ ಬೇಕಾದರೂ ಕೊಡಲು ಅಧಿಕಾರವಿಲ್ಲ. ಉಯಿಲು ಎಂದರೆ ಸಾಯುವ ಕ್ಷಣದಲ್ಲಿ ಮಾಡಿದ ದಾನವಿದ್ದಂತೆ. ದಾನ ಪಡೆಯುವವನು ಆ ಕ್ಷಣದಲ್ಲಿ ಇರಬೇಕು. ಇನ್ನೂ ಹುಟ್ಟದವನಿಗೆ ಕೊಟ್ಟದ್ದು ಸಲ್ಲದು. ಹಿರಿಯ ಮಗ, ಅವನ ಹಿರಿಯ ಮಗ ಎಂದು ಹಿಂದೂ ಶಾಸ್ತ್ರಕ್ಕೆ ಗೊತ್ತಿಲ್ಲದ ಹೊಸ ವಾರಸು ಕ್ರಮವನ್ನು ಒಬ್ಬ ಖಾಸಗಿ ಮನುಷ್ಯ ಕಾಗದದ ಮೇಲೆ ಸೃಷ್ಟಿಸಲಾಗದು. ಅದು ಶಾಸನ ಮಾಡಿದಂತೆ, ಆ ಕೆಲಸ ಅವನದಲ್ಲ. ಹಾಗಾಗಿ ಜತೀಂದ್ರಮೋಹನನ ಜೀವಮಾನದ ಅನುಭೋಗ ಉಳಿಯಿತು, ಅವನು ಬದುಕಿದ್ದನಲ್ಲ. ಅದರಾಚೆಗೆ ಪ್ರಸನ್ನಕುಮಾರ ಕಟ್ಟಿದ ಸರಪಳಿಯೆಲ್ಲ ಉದುರಿತು.

ಉದುರಿದ್ದು ಯಾರಿಗೆ? ಇಲ್ಲಿಯೇ ಈ ತೀರ್ಪಿನ ಜೀವ ಇರುವುದು. ಮಗನಿಗೆ ಏನೂ ಇಲ್ಲ ಎಂದು ಉಯಿಲೇ ಹೇಳುತ್ತದಲ್ಲ ಎಂದು ಎದುರಾಳಿಗಳು ವಾದಿಸಿದರು. ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಇವನಿಗಿಲ್ಲ ಎಂದು ಬರೆದರೆ ಸಾಲದು. ಬೇರೆ ಯಾರಿಗೆ ಎಂಬುದು ಕಾನೂನು ಒಪ್ಪುವಂತೆ ಬರೆದಿರಬೇಕು. ಬರೆದದ್ದು ನಿಲ್ಲದಿದ್ದರೆ ಆ ಸ್ವತ್ತಿಗೆ ಉಯಿಲೇ ಇಲ್ಲವೆಂದು ಅರ್ಥ. ಉಯಿಲಿಲ್ಲದ ಸ್ವತ್ತು ಕಾನೂನಿನ ವಾರಸುದಾರನಿಗೆ ಹೋಗುತ್ತದೆ. ಆ ವಾರಸುದಾರ ಅಪ್ಪ ಹೆಸರೆತ್ತಿ ಹೊರಗಿಟ್ಟ ಅದೇ ಮಗ. ಮತಾಂತರ ಅವನ ಹಕ್ಕನ್ನು ಕಿತ್ತುಕೊಳ್ಳದಂತೆ 1850ರ ಕಾಯ್ದೆ ಕಾದಿತ್ತು.

ನನ್ನ ದೃಷ್ಟಿಯಲ್ಲಿ ಈ ತೀರ್ಪು ಅಪ್ಪಂದಿರ ಪರವೂ ಅಲ್ಲ, ಮಕ್ಕಳ ಪರವೂ ಅಲ್ಲ. ಕೈಬಿಡುವ ಹಕ್ಕು ಅಪ್ಪನಿಗಿದೆ, ಸತ್ತ ಮೇಲೂ ತಲೆತಲೆಮಾರು ಆಳುವ ಹಕ್ಕು ಇಲ್ಲ. ಪ್ರಶ್ನಿಸುವ ಹಕ್ಕು ಮಗನಿಗೆ ಬರುವುದು ಪ್ರೀತಿಯಿಂದಲ್ಲ, ಸೇವೆ ಮಾಡಿದ್ದರಿಂದಲೂ ಅಲ್ಲ. ಕಾಗದ ಬಿದ್ದರೆ ಸ್ವತ್ತು ತನ್ನ ಮಡಿಲಿಗೆ ಬೀಳುತ್ತದೆ ಎಂಬ ಒಂದೇ ಕಾರಣದಿಂದ. ಇವತ್ತೂ ಕೋರ್ಟಿನ ಮೆಟ್ಟಿಲು ಹತ್ತುವ ಮಗಳಿಗೂ ಮಗನಿಗೂ ನಿಲ್ಲಲು ಇರುವ ನೆಲ ಅದೇ.

ಗೆದ್ದವನಿಗೆ ಸಿಕ್ಕಿದ್ದೇನು ಎಂದು ಕೇಳಿದರೆ ಕಥೆ ಕಹಿಯಾಗುತ್ತದೆ. ಹೆಂಡತಿ ಕಮಲಮಣಿ 1869ರಲ್ಲೇ ತೀರಿಕೊಂಡಿದ್ದಳು. ಜ್ಞಾನೇಂದ್ರ ಹೆಣ್ಣುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ ಅಲ್ಲೇ ನೆಲೆಸಿದ. ತೀರ್ಪಿನಂತೆ ಅವನ ಸರದಿ ಬರುವುದು ಜತೀಂದ್ರನ ಕಾಲಾನಂತರ. ಜತೀಂದ್ರಮೋಹನ ಮಹಾರಾಜ ಬಿರುದು ಪಡೆದು, ರಂಗಭೂಮಿಗೆ ಪೋಷಕನಾಗಿ, ತುಂಬು ಬಾಳು ಬಾಳಿ 1908ರಲ್ಲಿ ತೀರಿಕೊಂಡ. ಜ್ಞಾನೇಂದ್ರ 1890ರಲ್ಲೇ ಸತ್ತು ಲಂಡನ್ನಿನ ಬ್ರಾಂಪ್ಟನ್ ಸ್ಮಶಾನ ಸೇರಿದ್ದ.

ಉಯಿಲಿನ ಇನ್ನೊಂದು ಭಾಗ ಮಾತ್ರ ಬರೆದಂತೆಯೇ ನಡೆಯಿತು. ಕಾನೂನು ಪೀಠದ ದತ್ತಿಯಿಂದ 1870ರಲ್ಲಿ 'ಟಾಗೋರ್ ಕಾನೂನು ಉಪನ್ಯಾಸ'ಗಳು ಶುರುವಾದವು. ಮೊದಲ ಉಪನ್ಯಾಸಕ ಹರ್ಬರ್ಟ್ ಕೋವೆಲ್, ವಿಷಯ ಹಿಂದೂ ಕಾನೂನು. 1883ರಲ್ಲಿ ಜರ್ಮನ್ ವಿದ್ವಾಂಸ ಜೂಲಿಯಸ್ ಯೋಲಿ ಹಿಂದೂ ವಿಭಾಗ, ವಾರಸು, ದತ್ತುಗಳ ಇತಿಹಾಸ ಹೇಳಿದ. 1887ರಲ್ಲಿ ಗಿಲ್ಬರ್ಟ್ ಹೆಂಡರ್ಸನ್ ಉಯಿಲುಗಳ ಕಾನೂನಿನ ಮೇಲೆಯೇ ಉಪನ್ಯಾಸ ಮಾಡಿದ. ಟಾಗೋರ್ ಕೇಸನ್ನು ಬಿಟ್ಟು ಆ ವಿಷಯ ಮಾತಾಡುವುದು ಸಾಧ್ಯವೇ ಇರಲಿಲ್ಲ. ತನ್ನ ಉಯಿಲು ಎಲ್ಲಿ ತಪ್ಪಿತು ಎಂಬ ಪಾಠಕ್ಕೆ ಪ್ರಸನ್ನಕುಮಾರನ ದುಡ್ಡೇ ಸಂಭಾವನೆ.

ಆಮೇಲಿನ ಕಾನೂನಿನ ದಾರಿಯನ್ನು ಬೇಗ ದಾಟೋಣ. ಹುಟ್ಟದವರಿಗೆ ಕೊಡಬಾರದೆಂಬ ನಿಯಮ 1916ರ ಕಾಯ್ದೆಯಿಂದ ಸಡಿಲವಾಯಿತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಚದುರಿದ್ದ ನಿಯಮಗಳನ್ನು ಒಂದೆಡೆ ತಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಮಿತಾಕ್ಷರದವರಿಗೂ ಉಯಿಲಿನ ಬಾಗಿಲು ತೆರೆಯಿತು: ಅವಿಭಕ್ತ ಆಸ್ತಿಯಲ್ಲಿ ಅಪ್ಪ ತನ್ನ ಪಾಲಿಗೆ ಬರುವಷ್ಟನ್ನು ಬರೆದಿಡಬಹುದು, ಮಕ್ಕಳ ಪಾಲನ್ನು ಮುಟ್ಟುವಂತಿಲ್ಲ. ಆ ಮಕ್ಕಳಲ್ಲಿ ಹೆಣ್ಣುಮಕ್ಕಳೂ ಸೇರಿದ್ದು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರಲ್ಲಿ. ಅಪ್ಪ ಸ್ವಂತ ದುಡಿಮೆಯಿಂದ ಮಾಡಿದ ಸೈಟು, ಮನೆ, ಠೇವಣಿಗಳ ವಿಷಯದಲ್ಲಿ ಅಪ್ಪ ಈಗಲೂ ಪ್ರಸನ್ನಕುಮಾರನೇ. ಮುಸ್ಲಿಮರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಬರೆಯುವಂತಿಲ್ಲ. ಪಕ್ಕದ ಗೋವೆಯಲ್ಲಿ ಪೋರ್ಚುಗೀಸರ ಕಾಲದಿಂದ ಬಂದ ಕಾನೂನು ಅರ್ಧ ಆಸ್ತಿಯನ್ನು ಮಕ್ಕಳಿಗೇ ಕಾದಿಡುತ್ತದೆ. ಕಾರವಾರದಿಂದ ಗಡಿ ದಾಟಿದರೆ ಅಪ್ಪನ ಅಧಿಕಾರ ಅರ್ಧಕ್ಕಿಳಿಯುತ್ತದೆ!

ಮೈಸೂರು ಸೀಮೆಯಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣವನ್ನು ಮಾತ್ರ ದಾಟಿ ಹೋಗುವಂತಿಲ್ಲ. 1945ರಲ್ಲಿ ಬರೆದದ್ದೆನ್ನಲಾದ ಹೆಂಗಸೊಬ್ಬಳ ಉಯಿಲು ಅಲ್ಲಿ ನಿಲ್ಲಲಿಲ್ಲ. 1958ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ಆ ತೀರ್ಪು ಇಂದಿಗೂ ಜಿಲ್ಲಾ ಕೋರ್ಟುಗಳಲ್ಲಿ ದಿನನಿತ್ಯದ ಮಾತು. ಉಯಿಲನ್ನು ಮುಂದಿಟ್ಟವನೇ ಅದನ್ನು ಸಾಬೀತು ಮಾಡಬೇಕು. ಅದನ್ನು ಬರೆಸುವುದರಲ್ಲಿ ಮುಂದಾಗಿ ಓಡಾಡಿ ಲಾಭವನ್ನೂ ಪಡೆದಿದ್ದರೆ, ಅನುಮಾನ ತೊಡೆಯುವ ಭಾರವೂ ಅವನದೇ. ಮಕ್ಕಳನ್ನು ಬಿಟ್ಟಿದ್ದಾರೆ ಎಂಬುದೊಂದೇ ಅನುಮಾನಕ್ಕೆ ಸಾಲದು ಎಂದು ಆಮೇಲಿನ ತೀರ್ಪುಗಳು ಸೇರಿಸಿವೆ. ವಾರಸಿನ ಕ್ರಮ ಬದಲಿಸಲೆಂದೇ ತಾನೇ ಜನ ಉಯಿಲು ಬರೆಯುವುದು.

ಇಷ್ಟೆಲ್ಲ ವಾದ ಹೂಡಲು ಮೊದಲು ಕಾಗದವನ್ನು ಕಣ್ಣಿಂದ ನೋಡಬೇಕು. ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಅಪ್ಪ ಬದುಕಿರುವಾಗ ಉಯಿಲು ತೋರಿಸು ಎನ್ನುವ ಹಕ್ಕು ಯಾವ ಮಗನಿಗೂ ಇಲ್ಲ. ವೈಕುಂಠ ಸಮಾರಾಧನೆಯ ಊಟ ಮುಗಿದು ಎಲೆ ಎತ್ತಿದ ಮೇಲೆ ಅಣ್ಣ ಬೀರುವಿನಿಂದ ಒಂದು ಜೆರಾಕ್ಸ್ ತೆಗೆದು ತೋರಿಸಿ, ತಂಗಿ ಓದಿ ಮುಗಿಸುವ ಮೊದಲೇ ಮಡಚಿ ಒಳಗಿಡುತ್ತಾನೆ. ಆಮೇಲೆ ಆಕೆಗೆ ಅದರ ಸುದ್ದಿ ತಿಳಿಯುವುದು ಪೌತಿ ಖಾತೆಯಾಗಿ ಪಹಣಿಯಲ್ಲಿ ಅಣ್ಣನ ಹೆಸರು ಬಂದಾಗ. ಖಾತೆ ಬದಲಾದ ಮಾತ್ರಕ್ಕೆ ಉಯಿಲು ಸಾಬೀತಾಗುವುದಿಲ್ಲ, ತಹಶೀಲ್ದಾರರು ಅದರ ಸತ್ಯಾಸತ್ಯ ತೀರ್ಮಾನಿಸುವವರಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ. ಉಯಿಲನ್ನು ಕೋರ್ಟಿನಿಂದ ದೃಢಪಡಿಸಿಕೊಳ್ಳಲು ಪ್ರೊಬೇಟ್ ಅರ್ಜಿ ಹಾಕಿದ್ದರೆ, ಹಿತಾಸಕ್ತಿಯುಳ್ಳವರು ಬಂದು ನೋಡಿ ಎಂದು ಪ್ರಕಟಣೆ ಹೊರಡಿಸಲು 1925ರ ಉತ್ತರಾಧಿಕಾರ ಕಾಯ್ದೆಯ 283ನೇ ಕಲಮಿನಲ್ಲಿ ಅವಕಾಶವಿದೆ. ಬಂದವರು ಕೇವಿಯಟ್ ಹಾಕಿ ತಕರಾರು ಹೇಳಬಹುದು. ಉಯಿಲನ್ನು ಯಾರಾದರೂ ಬಚ್ಚಿಟ್ಟುಕೊಂಡಿದ್ದರೆ ತಂದು ಹಾಜರುಪಡಿಸು ಎಂದು ಅದೇ ಕಾಯ್ದೆಯ 267ನೇ ಕಲಮಿನಡಿ ಜಿಲ್ಲಾ ನ್ಯಾಯಾಧೀಶರು ಆಜ್ಞೆ ಮಾಡಬಹುದು.

ನೋಂದಾಯಿಸಿದ ಉಯಿಲಾದರೆ ಇಷ್ಟು ಕಷ್ಟವೂ ಇಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಉಯಿಲುಗಳನ್ನು ನಕಲಿಸಿಡುವುದು 3ನೇ ಪುಸ್ತಕದಲ್ಲಿ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಬರೆದವರು ಬದುಕಿರುವ ತನಕ ಅದರ ನಕಲು ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ. ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕು. ಅಣ್ಣನ ಒಪ್ಪಿಗೆ ಬೇಕಿಲ್ಲ, ಕೋರ್ಟಿನ ಆದೇಶವೂ ಬೇಕಿಲ್ಲ. ಮರಣ ಪ್ರಮಾಣಪತ್ರ ಜೊತೆಗಿರಲಿ. ಅಪ್ಪ ಅಮ್ಮ ಉಯಿಲು ಬರೆದಿದ್ದಾರೆಂದು ಕೇಳಿದವರು ಮನೆಯಲ್ಲಿ ಮಾತು ಬೆಳೆಸುವ ಮೊದಲು, ವಕೀಲರಿಗೆ ಮುಂಗಡ ಕೊಡುವ ಮೊದಲು, ಆ ನಕಲು ತೆಗೆಸಿ ಪೂರ್ತಿ ಓದಿ.